ರಸ್ತೆಯ ನಾಡಿ ಹಿಡಿದವರು

ನಮ್ಮ ಊರು ತಿಪಟೂರಿನ ಕಡೆಯದು. ಮನೆ ಹೆದ್ದಾರಿಯ ಮಗ್ಗುಲಲ್ಲೇ ಇತ್ತು. ಜಗಲಿ ಇಳಿದರೆ ಚರಂಡಿ, ಚರಂಡಿ ದಾಟಿದರೆ ಟಾರು ರಸ್ತೆ. ಕೊಬ್ಬರಿ ಮೂಟೆ ಹೊತ್ತ ಲಾರಿಗಳು ರಾತ್ರಿಯೆಲ್ಲ ಓಡಾಡುತ್ತಿದ್ದುವು. ಒಂದೊಂದು ಲಾರಿ ಹೋದಾಗಲೂ ನಡುಮನೆಯ ನಾಗಂದಿಗೆಯ ಮೇಲೆ ಬೋರಲು ಹಾಕಿದ್ದ ಕಂಚಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ದನಿ ಮಾಡುತ್ತಿದ್ದುವು. ಊರಿಗೆ ಬಂದ ನೆಂಟರು ಆ ಸದ್ದಿಗೆ ನಿದ್ದೆ ಬರಲಿಲ್ಲವೆಂದು ಬೆಳಿಗ್ಗೆ ದೂರುವರು. ನಮಗೋ ಆ ಸದ್ದು ಇಲ್ಲದಿದ್ದರೆ ನಿದ್ದೆ ಬಾರದು.

ನಮ್ಮ ಅಜ್ಜಿಯ ಕಿವಿ ಮಾತ್ರ ಬೇರೆಯವರ ಕಿವಿಯಂತಲ್ಲ. ಕೊಬ್ಬರಿ ಸೀಮೆಯ ವಾಚಕರಿಗೆ ಇದರ ಕಾರಣ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಿದ ತೆಂಗಿನಕಾಯಿಯೊಳಗಿನ ಕೊಬ್ಬರಿ ಕೊನೆಗೆ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಡಲೊಡ ಎನ್ನುತ್ತದೆ. ಒಡೆಯದೆಯೇ ಒಳಗಿನ ಸಂಗತಿ ತಿಳಿಯುವ ವಿದ್ಯೆ ಇದು. ಐವತ್ತು ವರ್ಷ ಆ ವಿದ್ಯೆಯಲ್ಲಿ ಪಳಗಿದ್ದ ಅಜ್ಜಿ, ಮಾವಿನ ಹಲಗೆಯನ್ನೂ ಹೊಸ ಮಡಕೆಯನ್ನೂ ಕೊನೆಗೆ ಮೊಮ್ಮಕ್ಕಳ ಹೊಟ್ಟೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿಯೇ ತೀರ್ಪು ಹೇಳುತ್ತಿದ್ದಳು.

1990ರ ದಶಕದ ಮೊದಲ ವರ್ಷಗಳು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಒಂದು ಬೆಳಿಗ್ಗೆ ಅಜ್ಜಿ ನಮ್ಮ ತಂದೆಗೆ ಹೇಳಿದಳು: “ಅಡ್ಡಮೋರಿ ತಾವ ಲಾರಿ ಬಂದಾಗ ಲೋಟದ ದನಿ ಬೇರೆ ಆಗ್ತದೆ ಕಣಪ್ಪ. ಮುಂಚೆ ಹಿಂಗಿರಲಿಲ್ಲ. ರಸ್ತೆ ಹೊಟ್ಟೆ ಟೊಳ್ಳಾಗೈತೋ ಏನೋ.”

“ಲಾರಿ ಭಾರ ಜಾಸ್ತಿ ಆಗಿರಬೇಕು, ಬಿಡಮ್ಮ” ಎಂದರು ತಂದೆ. ಆದರೆ ಅಜ್ಜಿ ಬಿಡಲಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ತಂದೆ ಕೊನೆಗೆ ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆದರು. ಕೆಲವು ವಾರಗಳ ಮೇಲೆ ಜೀಪಿನಲ್ಲಿ ಒಬ್ಬರು ಬಂದು ಆ ಜಾಗದ ಮೇಲೆ ಎರಡು ಸಲ ಹೋಗಿ ಬಂದರು. ಹಿಂದಿನ ವರ್ಷವಷ್ಟೇ ಟಾರು ಹಾಕಿದ ರಸ್ತೆ. ಜೀಪು ಕೊಂಚವೂ ಕುಲುಕಲಿಲ್ಲ. ಉತ್ತರವೂ ಬಂತು: ಪರಿಶೀಲಿಸಲಾಗಿ ರಸ್ತೆಯು ಸುಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ.

ಆ ವರ್ಷದ ಮಳೆಗಾಲದ ಒಂದು ರಾತ್ರಿ, ಅಡ್ಡಮೋರಿಯ ಪಕ್ಕದಲ್ಲಿ ಲಾರಿಯೊಂದರ ಹಿಂದಿನ ಗಾಲಿ ರಸ್ತೆಯೊಳಕ್ಕೇ ಇಳಿಯಿತು. ಮೂಟೆಗಳ ಮೇಲೆ ಮಲಗಿದ್ದ ಹಮಾಲಿಯೊಬ್ಬ ಕೆಳಗೆ ಬಿದ್ದ. ಅವನ ಕಾಲ ಮೇಲೆ ಮೂಟೆಗಳು ಬಿದ್ದುವು. ನಮ್ಮ ಜಗಲಿಯ ಮೇಲೆಯೇ ಅವನನ್ನು ಮಲಗಿಸಿದ್ದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಬೆಳಿಗ್ಗೆ ನಾವು ಹುಡುಗರು ಹೋಗಿ ನೋಡಿದೆವು. ಟಾರಿನ ಪದರದ ಕೆಳಗೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಪೊಳ್ಳು. ಮೋರಿಯ ಗೋಡೆಯ ಬಿರುಕಿನಿಂದ ಸೋರಿದ ನೀರು ಹಿಡಿ ಹಿಡಿಯಾಗಿ ಮಣ್ಣನ್ನು ಕೊಂಡೊಯ್ದಿತ್ತು. ಸುತ್ತಲಿನ ಟಾರು ಮಾತ್ರ ಆಗಲೂ ನುಣ್ಣಗೆ ಹೊಳೆಯುತ್ತಿತ್ತು.

ಜೀಪಿನವರು ಸುಳ್ಳು ಬರೆದಿರಲಿಲ್ಲ. ಈ ಮಾತು ನನ್ನನ್ನು ಬಹುಕಾಲ ಕಾಡಿದೆ. ಅವರು ನೋಡಿದ್ದು ನಿಜ, ಜೀಪು ಕುಲುಕದಿದ್ದುದೂ ನಿಜ. ಹಾಗಾದರೆ ರಸ್ತೆ ಚೆನ್ನಾಗಿದೆ ಎಂದು ಹೇಳುವುದಕ್ಕೆ ಮನುಷ್ಯ ಯಾವ ಆಧಾರವನ್ನು ನೆಚ್ಚಿಕೊಂಡು ಬಂದಿದ್ದಾನೆ? ಕನ್ನಡ ಪಾಠ ಹೇಳುವವನಿಗೆ ಇಂಜಿನಿಯರುಗಳ ಪುಸ್ತಕದ ಕಪಾಟಿನ ಬಳಿ ಏನು ಕೆಲಸವೆಂದು ನಮ್ಮ ಕಾಲೇಜಿನ ಗ್ರಂಥಪಾಲಕರು ನಕ್ಕದ್ದುಂಟು. ಅಲ್ಲಿ ನನಗೆ ಸಿಕ್ಕ ಕಥೆಯನ್ನು ವಾಚಕರ ಮುಂದಿಡುತ್ತೇನೆ.

ಗಾಡಿ ಓಡಿದಾಗ ಎರಡು ಕೆಲಸ ನಡೆಯುತ್ತವೆ. ರಸ್ತೆ ಗಾಡಿಯನ್ನು ಅಲುಗಿಸುತ್ತದೆ. ಗಾಡಿ ರಸ್ತೆಯನ್ನು ಅಲುಗಿಸುತ್ತದೆ. ಮೊದಲನೆಯದನ್ನು ಗಾಡಿಯೊಳಗೆ ಕುಳಿತವನು ಬಲ್ಲ; ಎರಡನೆಯದನ್ನು ರಸ್ತೆಯ ಪಕ್ಕದಲ್ಲಿ ಮಲಗಿದವನು ಬಲ್ಲ. ರಸ್ತೆಯ ಆರೋಗ್ಯವನ್ನು ಅಲುಗಾಟದಿಂದ ತಿಳಿಯಹೊರಟವರ ಚರಿತ್ರೆಯೂ ಹೀಗೆಯೇ ಎರಡು ಹೊಳೆಗಳಾಗಿ ಹರಿದಿದೆ. ಒಂದು ಹೊಳೆ ತುಂಬಿ ಹರಿಯಿತು. ಇನ್ನೊಂದು ಬಹುಕಾಲ ಸಣ್ಣ ತೊರೆಯಾಗಿಯೇ ಉಳಿಯಿತು.

ಮೊದಲಿನದರ ಮೂಲ ಇಂಗ್ಲೆಂಡಿನ ಕುದುರೆಗಾಡಿಯ ಕಾಲದಲ್ಲಿದೆ. ಲಂಡನ್ನಿನಿಂದ ವೇಲ್ಸಿನ ತುದಿಯ ಹೋಲಿಹೆಡ್ ಬಂದರಿನವರೆಗೆ ಥಾಮಸ್ ಟೆಲ್ಫರ್ಡ್ (1757–1834) ಕಟ್ಟಿಸಿದ ರಸ್ತೆ ಆ ಕಾಲದ ಅಚ್ಚರಿಗಳಲ್ಲೊಂದು. ಅದರ ಉಸ್ತುವಾರಿಯಲ್ಲಿದ್ದ ಜಾನ್ ಮ್ಯಾಕ್‌ನೀಲ್ ಎಂಬ ಐರಿಷ್ ಇಂಜಿನಿಯರ್ 1830ರ ಸುಮಾರಿನಲ್ಲಿ ಒಂದು ಉಪಾಯ ಹೂಡಿದ. ಗಾಡಿಗೂ ಕುದುರೆಗೂ ನಡುವೆ ಸ್ಪ್ರಿಂಗಿನ ತಕ್ಕಡಿಯೊಂದನ್ನು ಅಳವಡಿಸಿ, ಎಳೆಯಲು ಎಷ್ಟು ಬಲ ಬೇಕೆಂದು ಜಾಗ ಜಾಗದಲ್ಲಿ ಗುರುತು ಹಾಕಿಕೊಂಡ. ಸುಮಾರು ಒಂದು ಟನ್ ತೂಕದ ಬಂಡಿಗೆ ಚೆನ್ನಾಗಿ ಕಲ್ಲು ಹಾಸಿದ ದಾರಿಯಲ್ಲಿ 33 ಪೌಂಡು ಸಾಕಾದರೆ, ಗರಸು ದಾರಿಯಲ್ಲಿ 147 ಪೌಂಡು ಬೇಕಾಯಿತು. ಎತ್ತು ನೊಗ ಕೊಡುವಾಗ ಏದುಸಿರು ಬಿಡುವುದನ್ನು ಕಂಡು ನಮ್ಮ ರೈತರು ದಾರಿಯ ಗುಣ ಹೇಳುತ್ತಿದ್ದರಲ್ಲ, ಅದನ್ನೇ ಮ್ಯಾಕ್‌ನೀಲ್ ಅಂಕಿಯಲ್ಲಿ ಬರೆದ. ರಸ್ತೆಯ ಬಗೆಗೆ ಅಭಿಪ್ರಾಯದ ಬದಲು ಲೆಕ್ಕ ಹುಟ್ಟಿದ್ದು ಹೀಗೆ.

ಅಲುಗಾಟವನ್ನೇ ಬರೆದಿಡಬಹುದೆಂದು ತೋರಿಸಿಕೊಟ್ಟವನು ಚಾರ್ಲ್ಸ್ ಬ್ಯಾಬೇಜ್. ಇಂದಿನ ಕಂಪ್ಯೂಟರಿನ ಮುತ್ತಾತನೆಂದು ಹೆಸರಾದ ಈ ಮಹಾಶಯನಿಗೆ ಜಗತ್ತಿನಲ್ಲಿ ಲೆಕ್ಕಕ್ಕೆ ಸಿಗದ ಯಾವುದನ್ನು ಕಂಡರೂ ಸಹನೆ ಇರಲಿಲ್ಲ. ಗ್ರೇಟ್ ವೆಸ್ಟರ್ನ್ ರೈಲ್ವೆಯವರು ಹಳಿಗಳ ನಡುವೆ ಏಳು ಅಡಿ ಅಂತರ ಇಟ್ಟಿದ್ದು ಸರಿಯೋ ತಪ್ಪೋ ಎಂಬ ಜಗಳ ನಡೆದಿದ್ದಾಗ, 1838–39ರಲ್ಲಿ, ಅವನು ಒಂದು ರೈಲ್ವೆ ಗಾಡಿಯನ್ನು ತನ್ನ ಪ್ರಯೋಗಶಾಲೆ ಮಾಡಿಕೊಂಡ. ಗಾಡಿಯೊಳಗೆ ಕಾಗದದ ಉದ್ದನೆಯ ಸುರುಳಿ ಬಿಚ್ಚಿಕೊಳ್ಳುತ್ತ ಹೋಗುವುದು. ಮಸಿ ತುಂಬಿದ ಲೇಖನಿಗಳು ಅದರ ಮೇಲೆ ಗಾಡಿಯ ಮೇಲುಕೆಳಗಿನ ಕುಲುಕು, ಪಕ್ಕದ ಓಲಾಟ, ಹಿಂದುಮುಂದಿನ ಎಳೆತಗಳನ್ನು ತಾವೇ ಗೀಚುವುವು. ಪ್ರತಿ ರೈಲಿನಲ್ಲಿಯೂ ಇಂಥ ಯಂತ್ರವಿದ್ದರೆ ಅಪಘಾತದ ಕಾರಣ ತಿಳಿಯಬಹುದೆಂದು ಅವನು ಸಲಹೆ ಮಾಡಿದ. ಆ ಸಲಹೆಗೆ ಆಗ ಯಾರೂ ಕಿವಿಗೊಡಲಿಲ್ಲ.

ಮೋಟಾರು ಬಂದ ಮೇಲೆ ವೇಗ ಬಂತು; ವೇಗ ಬಂದ ಮೇಲೆ ಸಣ್ಣ ತಗ್ಗು ಕೂಡ ದೊಡ್ಡ ಪೆಟ್ಟಾಯಿತು. 1941ರಲ್ಲಿ ಅಮೆರಿಕದ ಸಾರ್ವಜನಿಕ ರಸ್ತೆಗಳ ಇಲಾಖೆ ಒಂದೇ ಚಕ್ರದ ಪುಟ್ಟ ಗಾಡಿಯನ್ನು ರೂಪಿಸಿತು. ಅದನ್ನು ಕಾರಿನ ಹಿಂದೆ ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಎಳೆದುಕೊಂಡು ಹೋದರೆ, ಚಕ್ರ ಚೌಕಟ್ಟಿಗೆ ಎದುರಾಗಿ ಎಷ್ಟು ಮೇಲೆ ಕೆಳಗೆ ಆಡಿತೆಂಬುದು ಕೂಡುತ್ತಾ ಹೋಗಿ ಮೈಲಿಗೆ ಇಷ್ಟು ಅಂಗುಲವೆಂದು ಉತ್ತರ ಬರುತ್ತಿತ್ತು. ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿಯೂ ಇಂಥದೇ ಯಂತ್ರ ಬಳಕೆಗೆ ಬಂತು. ಅದನ್ನು ಬಂಪ್ ಇಂಟಿಗ್ರೇಟರ್ ಎಂದು ಕರೆದರು. ದೆಹಲಿಯಲ್ಲಿ 1952ರಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಪ್ರಾರಂಭವಾದ ಮೇಲೆ ನಮ್ಮ ದೇಶದ ರಸ್ತೆಗಳ ಮೇಲೆಯೂ ಈ ಒಂಟಿ ಚಕ್ರ ಉರುಳಿತು. ಇಲ್ಲಿ ವೇಗ ಗಂಟೆಗೆ 32 ಕಿಲೋಮೀಟರು. ಲೆಕ್ಕ ಕಿಲೋಮೀಟರಿಗೆ ಇಷ್ಟು ಮಿಲಿಮೀಟರು. ಅಂಕಿ ಹೆಚ್ಚಿದಷ್ಟೂ ರಸ್ತೆ ಒರಟು.

ಈ ಕಥೆಯ ದೊಡ್ಡ ಅಧ್ಯಾಯ ನಡೆದದ್ದು ಅಮೆರಿಕದ ಇಲಿನಾಯ್ ಪ್ರಾಂತದ ಆಟವಾ ಊರಿನ ಬಳಿ. 1956ರಲ್ಲಿ ಕೆಲಸ ಪ್ರಾರಂಭ. ಹೊಲಗಳ ನಡುವೆ ಆರು ಸುತ್ತುದಾರಿಗಳನ್ನು, ಒಂದೊಂದು ತುಂಡನ್ನು ಒಂದೊಂದು ದಪ್ಪದಲ್ಲಿ ಕಟ್ಟಿದರು. 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ಸೈನಿಕರು ಅವುಗಳ ಮೇಲೆ ಲಾರಿಗಳನ್ನು ಸುತ್ತಿಸಿದರು. ಎಲ್ಲಿಗೂ ಹೋಗದ ಲಾರಿಗಳು. ರಸ್ತೆಯನ್ನು ಕೆಡಿಸುವುದೇ ಅವುಗಳ ಕಾಯಕ! ಒಂದು ಸುತ್ತನ್ನು ಮಾತ್ರ ಲಾರಿಗಳಿಲ್ಲದೆ ಬಿಟ್ಟು, ಬಿಸಿಲುಮಳೆಗಳಷ್ಟರಿಂದಲೇ ಆಗುವುದೇನೆಂದು ನೋಡಿದರು. ಉಳಿದವುಗಳ ಮೇಲೆ ಹನ್ನೊಂದು ಲಕ್ಷಕ್ಕೂ ಮೀರಿ ಅಚ್ಚಿನ ಭಾರಗಳು ಹಾದುಹೋದುವು. ಖರ್ಚು 2 ಕೋಟಿ 70 ಲಕ್ಷ ಡಾಲರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರರಷ್ಟು ಎಂಬ, ಇಂದಿಗೂ ಇಂಜಿನಿಯರುಗಳು ಸ್ಥೂಲವಾಗಿ ನೆಚ್ಚಿಕೊಂಡಿರುವ ಲೆಕ್ಕ ಹೊರಟದ್ದು ಇಲ್ಲಿಂದಲೇ.

ಆದರೆ ನನ್ನ ಮನಸ್ಸು ನಿಂತದ್ದು ಇನ್ನೊಂದು ವಿಷಯದಲ್ಲಿ. ರಸ್ತೆ ಕೆಟ್ಟಿತು ಎಂದು ಯಾವಾಗ ಹೇಳಬೇಕು? ಬಿರುಕು ಬಿಟ್ಟಾಗಲೋ, ತಗ್ಗು ಬಿದ್ದಾಗಲೋ? ಅಲ್ಲಿದ್ದ ಕೇರಿ ಮತ್ತು ಐರಿಕ್ ಎಂಬಿಬ್ಬರು 1960ರಲ್ಲಿ ಒಂದು ಸರಳವಾದ ಉತ್ತರ ಕೊಟ್ಟರು: ರಸ್ತೆ ಇರುವುದು ಸಂಚರಿಸುವವರ ಅನುಕೂಲಕ್ಕೆ, ಆದ್ದರಿಂದ ಸಂಚರಿಸುವವರನ್ನೇ ಕೇಳಬೇಕು. ಒಂದು ಮಂಡಲಿಯನ್ನು ಮಾಡಿ, ಅದರ ಸದಸ್ಯರನ್ನು ಬೇರೆ ಬೇರೆ ರಸ್ತೆಗಳ ಮೇಲೆ ಕಾರಿನಲ್ಲಿ ಕರೆದೊಯ್ದು, ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸಿದರು. ನಾವು ಪರೀಕ್ಷೆಯ ಉತ್ತರಪತ್ರಿಕೆಗೆ ಕೊಡುವುದಿಲ್ಲವೆ, ಹಾಗೆ. ಆಮೇಲೆ ಆ ಅಂಕಗಳನ್ನು ಯಂತ್ರದ ಅಳತೆಗಳ ಜೊತೆಗೆ ಹೋಲಿಸಿದಾಗ, ಅಂಕವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ರಸ್ತೆಯ ಉಬ್ಬುತಗ್ಗು ಎಂದು ತಿಳಿಯಿತು. ಬಿರುಕು, ತೇಪೆಗಳ ಪಾಲು ಅಲ್ಪ. ಸವಾರನ ಬೆನ್ನಿಗೆ ತಟ್ಟಿದ್ದೇ ರಸ್ತೆಯ ಗುಣವಾಯಿತು.

ಮುಂದೆ ಒಂದು ತೊಡಕು ಬಂತು. ಒಂದೊಂದು ದೇಶದ ಯಂತ್ರ ಒಂದೊಂದು ಅಂಕಿ ಹೇಳುತ್ತಿತ್ತು. ಒಂದೇ ಯಂತ್ರವೂ ಸ್ಪ್ರಿಂಗು ಸಡಿಲವಾದ ಮೇಲೆ ಬೇರೆ ಅಂಕಿ ಹೇಳುತ್ತಿತ್ತು. ಊರಿಗೊಂದು ಸೇರು ಇದ್ದ ಕಾಲದ ಸಂತೆಯಂತೆ. 1982ರಲ್ಲಿ ವಿಶ್ವಬ್ಯಾಂಕಿನ ಆಶ್ರಯದಲ್ಲಿ ಹಲವು ದೇಶಗಳವರು ಬ್ರೆಜಿಲ್ಲಿನ ರಾಜಧಾನಿ ಬ್ರೆಸಿಲಿಯದಲ್ಲಿ ಸೇರಿ ಎಲ್ಲ ಯಂತ್ರಗಳನ್ನೂ ಒಂದೇ ರಸ್ತೆಗಳ ಮೇಲೆ ಓಡಿಸಿ ನೋಡಿದರು. ಅದರ ಫಲವಾಗಿ 1986ರಲ್ಲಿ ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕ ಹೊರಬಂತು. ಅದರ ತಿರುಳು ಒಂದು ಕಾಲ್ಪನಿಕ ಕಾರು. ಕಾರಿನ ಕಾಲುಭಾಗ ಮಾತ್ರ, ಎಂದರೆ ಒಂದು ಚಕ್ರ, ಒಂದು ಸ್ಪ್ರಿಂಗು, ಅದರ ಮೇಲಿನ ಭಾರ. ಅದನ್ನು ಚಿನ್ನದ ಕಾರು ಎನ್ನುತ್ತಾರೆ. ಎಂದಿಗೂ ಸವೆಯದ ಈ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲೆಕ್ಕದ ಹಾಳೆಯ ಮೇಲೆಯೇ ಓಡುತ್ತದೆ. ಜಗತ್ತಿನ ರಸ್ತೆಗಳ ಯೋಗ್ಯತೆಯನ್ನು ಇಂದು ಬಹುಮಟ್ಟಿಗೆ ಹೇಳುವುದು ಈ ಇಲ್ಲದ ಕಾರಿನ ಕುಲುಕೇ.

ಇದಿಷ್ಟೂ ಗಾಡಿಯೊಳಗೆ ಕುಳಿತವರ ಚರಿತ್ರೆ. ನಮ್ಮೂರಿಗೆ ಬಂದ ಜೀಪೂ ಈ ವಂಶದ್ದೇ. ಈ ದಾರಿಯಲ್ಲಿ ಚರ್ಮದ ರೋಗ ತಿಳಿಯುತ್ತದೆ, ಹೊಟ್ಟೆಯ ರೋಗ ತಿಳಿಯುವುದಿಲ್ಲ. ಮೇಲೆ ಟಾರು ನುಣುಪಾಗಿದ್ದು ಕೆಳಗೆ ಮಣ್ಣು ಜಾರಿದ್ದರೆ, ಚಿನ್ನದ ಕಾರು ಕೂಡ ಕುಲುಕದೆ ಹೋಗಿಬಿಡುತ್ತದೆ.

ಹೊಟ್ಟೆಯ ರೋಗವನ್ನು ತಟ್ಟಿ ತಿಳಿಯುವವರ ತೊರೆ ಬೇರೆ. 1885ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ರ‍್ಯಾಲೆ, ಘನವಸ್ತುವಿನ ಮೇಲ್ಮೈಯನ್ನು ಹಿಡಿದೇ ಸಾಗುವ ಒಂದು ಬಗೆಯ ಅಲೆ ಇರಬೇಕೆಂದು ಗಣಿತದಿಂದ ತೋರಿಸಿದ. ಕೆರೆಗೆ ಕಲ್ಲೆಸೆದಾಗ ಹರಡುವ ಅಲೆಯಂತೆ, ಗಟ್ಟಿ ನೆಲದ ಮೇಲೂ ಅಲೆ ಹರಡುತ್ತದೆ; ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಈ ಅಲೆಗೆ ಎರಡು ಗುಣ. ಗಟ್ಟಿಯಾದ ಪದರದಲ್ಲಿ ಬೇಗ ಓಡುತ್ತದೆ, ಸಡಿಲವಾದದ್ದರಲ್ಲಿ ನಿಧಾನ. ಮತ್ತು, ಗಿಡ್ಡ ಅಲೆ ಮೇಲುಪದರದಲ್ಲೇ ಸಾಗಿದರೆ, ಉದ್ದ ಅಲೆ ಆಳದವರೆಗೆ ನೆಲವನ್ನು ಅಲುಗಿಸುತ್ತ ಸಾಗುತ್ತದೆ. ಆದ್ದರಿಂದ ಬೇರೆ ಬೇರೆ ಉದ್ದದ ಅಲೆಗಳ ವೇಗವನ್ನು ಅಳೆದರೆ, ಅಗೆಯದೆಯೇ ಪದರ ಪದರದ ಸುದ್ದಿ ತಿಳಿಯುತ್ತದೆ. ಅಜ್ಜಿ ಕಾಯಿ ಅಲ್ಲಾಡಿಸಿದಳಲ್ಲ, ಅದಕ್ಕೆ ಇದು ದೂರದ ನೆಂಟ.

1930ರ ದಶಕದಲ್ಲಿ ಬರ್ಲಿನ್ನಿನ ಮಣ್ಣು ವಿಜ್ಞಾನಿಗಳು ನೆಲದ ಮೇಲೆ ಅದುರುವ ಯಂತ್ರವಿಟ್ಟು ಈ ಪ್ರಯೋಗ ಮಾಡಿದರು. 1950ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಷೆಲ್ ಕಂಪನಿಯ ಪ್ರಯೋಗಶಾಲೆಯವರೂ ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ಜೋನ್ಸ್ ಎಂಬುವರೂ ಇದನ್ನು ರಸ್ತೆಗೆ ಅನ್ವಯಿಸಿದರು. ಆದರೆ ಭಾರವಾದ ಯಂತ್ರ ತರಬೇಕು, ರಸ್ತೆ ಮುಚ್ಚಬೇಕು, ಒಂದೊಂದು ಜಾಗದಲ್ಲಿ ಹೊತ್ತು ಕಳೆಯಬೇಕು. ಅದೇ ವರ್ಷಗಳಲ್ಲಿ ಬೆಂಕೆಲ್‌ಮನ್ ಎಂಬ ಅಮೆರಿಕದವನು ಕಂಡುಹಿಡಿದ ಸರಳವಾದ ತೊಲೆ, ಲಾರಿಯ ಗಾಲಿಯ ಕೆಳಗೆ ರಸ್ತೆ ಎಷ್ಟು ಬಾಗುತ್ತದೆಂದು ಹೇಳುತ್ತಿತ್ತು. ಅದು ನಮ್ಮ ದೇಶದಲ್ಲಿಯೂ ಬಳಕೆಗೆ ಬಂತು. ಅದಕ್ಕೂ ಒಂದೊಂದು ಜಾಗದಲ್ಲಿ ಲಾರಿ ನಿಲ್ಲಿಸಲೇಬೇಕು.

ಹಾಗಾದರೆ, ಹಗಲುರಾತ್ರಿ ಲಾರಿ ಬಸ್ಸುಗಳೇ ರಸ್ತೆಯನ್ನು ಬಿಟ್ಟಿಯಾಗಿ ಬಡಿಯುತ್ತಿರುವಾಗ, ಬೇರೊಂದು ಸುತ್ತಿಗೆ ಏಕೆ? ಈ ಯೋಚನೆಗೆ ತಳಹದಿ ಹಾಕಿದವನು ಜಪಾನಿನ ಭೂಕಂಪ ವಿಜ್ಞಾನಿ ಕೇಯಿತಿ ಅಕಿ. ನೆಲದಲ್ಲಿ ಸದಾ ಇರುವ ಸಣ್ಣ ನಡುಕವನ್ನು ಎಲ್ಲರೂ ಅಳತೆಯನ್ನು ಕೆಡಿಸುವ ಗದ್ದಲವೆಂದು ದೂರುತ್ತಿದ್ದಾಗ, ಆ ಗದ್ದಲದಿಂದಲೇ ಕೆಳಗಿನ ಪದರಗಳ ಗುಣ ಹೇಳಬಹುದೆಂದು ಅವನು 1957ರಲ್ಲಿ ತೋರಿಸಿದ. ನಗರಗಳಲ್ಲಿ ಆ ನಡುಕದ ಬಹುಪಾಲು ವಾಹನಗಳದೇ. ಕಂಪ್ಯೂಟರುಗಳು ಅಗ್ಗವಾದ ಮೇಲೆ ಈ ಮಾರ್ಗ ಚಿಗುರಿತು. ರಸ್ತೆಯ ಬದಿಯಲ್ಲಿ ಸಾಲಾಗಿ ಕಂಪನಮಾಪಕಗಳನ್ನು ನೆಟ್ಟು ವಾಹನಗಳ ಅದುರನ್ನು ಓದುವುದು ಇಂದು ಹೊಸತಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ 2016ರಿಂದ, ದೂರವಾಣಿಯ ಕೊಳವೆಯಲ್ಲಿ ಹಾಕಿದ ಗಾಜಿನ ತಂತಿಯನ್ನೇ ಉದ್ದನೆಯ ಕಿವಿಯಾಗಿ ಮಾಡಿಕೊಂಡು ನೆಲದ ನಡುಕವನ್ನು ಆಲಿಸಿದ್ದಾರೆ.

ಇದರ ಮಿತಿಯನ್ನೂ ಹೇಳಬೇಕು. ಲಾರಿಯ ಮೈ ಸೆಕೆಂಡಿಗೆ ಒಂದೆರಡು ಸಲ ತೂಗುತ್ತದೆ. ಅದರ ಅಚ್ಚು ಹತ್ತು ಹದಿನೈದು ಸಲ ಕುಣಿಯುತ್ತದೆ. ಇಂಥ ಮಂದವಾದ ಅದುರಿನಿಂದ ಹುಟ್ಟುವುದು ಉದ್ದ ಅಲೆ. ಅದು ಕೆಳಗಿನ ಮಣ್ಣಿನ ಸುದ್ದಿ ತರುತ್ತದೆ. ತೆಳುವಾದ ಟಾರಿನ ಸುದ್ದಿಗೆ ಬೇರೆ ಪೆಟ್ಟೇ ಬೇಕು. ಜೊತೆಗೆ ಲಾರಿಯ ತೂಕ, ವೇಗ, ಸ್ಪ್ರಿಂಗು, ನೆಲದ ತೇವ, ಇವೆಲ್ಲವೂ ದನಿಯನ್ನು ಬದಲಿಸುತ್ತವೆ. ನಮ್ಮ ಲೋಟಗಳ ದನಿ ಬದಲಾಗಲು ನಾಗಂದಿಗೆಯ ಮೊಳೆ ಸಡಿಲವಾದದ್ದೂ ಕಾರಣವಾಗಿರಬಹುದಿತ್ತು. ಅಜ್ಜಿಯನ್ನು ವಿಜ್ಞಾನಿ ಮಾಡಲು ನಾನು ಹೊರಟಿಲ್ಲ. ಆದರೆ ಆಕೆ ಹೇಳಿದ್ದು ಒಂದು ರಾತ್ರಿಯ ಮಾತಲ್ಲ. ಮುಂಚೆ ಹೀಗಿರಲಿಲ್ಲ ಎಂದಳು. ಒಂದೇ ಜಾಗ, ನೂರಾರು ಲಾರಿ, ತಿಂಗಳುಗಟ್ಟಲೆಯ ನೆನಪು. ವಿಜ್ಞಾನಿಗಳು ಇಂದು ಕಂಪನಮಾಪಕದಿಂದ ಬಯಸುವುದೂ ಇಂಥ ಹೋಲಿಕೆಯನ್ನೇ. ಬಂದು ಒಂದಡಿ ಅಗೆದು ನೋಡಲು ಅಷ್ಟು ಕಾರಣ ಸಾಕಾಗಿತ್ತು.

ಮೊದಲ ಹೊಳೆಯೂ ಈಚೆಗೆ ಹೊಸ ತಿರುವು ಪಡೆದಿದೆ. 2008ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದವರು ‘ನೆರಿಸೆಲ್’ ಎಂಬ ಪ್ರಯೋಗದಲ್ಲಿ ಸವಾರರ ಮೊಬೈಲ್ ಫೋನುಗಳೇ ಗುಂಡಿಯನ್ನೂ ಹಾರನ್ನಿನ ಗಲಾಟೆಯನ್ನೂ ಗುರುತಿಸುವಂತೆ ಮಾಡಿದರು. ಜೇಬಿನಲ್ಲಿ ಫೋನು ಹೇಗೆ ಬಿದ್ದಿದ್ದರೂ ಯಾವುದು ಮೇಲು ಯಾವುದು ಕೆಳಗೆ ಎಂದು ಅದು ಲೆಕ್ಕ ಹಾಕಿಕೊಳ್ಳುತ್ತಿತ್ತು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಟ್ಯಾಕ್ಸಿಗಳಿಗೆ ಯಂತ್ರ ಕಟ್ಟಿ ಗುಂಡಿ ಹುಡುಕಿದರು. 2012ರಲ್ಲಿ ಆ ನಗರದವರು ನಾಗರಿಕರ ಫೋನುಗಳಿಗೇ ಅಂಥ ವ್ಯವಸ್ಥೆ ಕೊಟ್ಟರು. ಆಗ ಎದ್ದ ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ: ಹೊಸ ಫೋನೂ ಕಾರೂ ಇಲ್ಲದ ಬಡವರ ಬೀದಿಯ ಗುಂಡಿ ಈ ಲೆಕ್ಕಕ್ಕೆ ಬರುವುದೆಂತು? ಯಾರ ಮೈ ಕುಲುಕಿತೋ ಅವರ ರಸ್ತೆಯೇ ರಿಪೇರಿಯಾದೀತು.

ಆಟವಾದ ಮಂಡಲಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ರಸ್ತೆ ಇರುವುದು ಜನರಿಗಾಗಿ, ಜನರನ್ನು ಕೇಳಬೇಕು ಎಂದದ್ದು ದೊಡ್ಡ ಮಾತು. ಆದರೆ ಅವರು ಕೇಳಿದ್ದು ಕಾರಿನೊಳಗಿನವರನ್ನು. ಮೂಟೆಯ ಮೇಲೆ ಮಲಗಿದವನಿಗೂ ರಸ್ತೆಯ ಬದಿಯ ನಡುಮನೆಯಲ್ಲಿ ಎಚ್ಚರವಿದ್ದ ಮುದುಕಿಗೂ ಆ ಮಂಡಲಿಯಲ್ಲಿ ಜಾಗವಿರಲಿಲ್ಲ. ನಮ್ಮ ತಂದೆಯ ಅರ್ಜಿಗೆ ಬಂದ ಉತ್ತರವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ತರಗತಿಯಲ್ಲಿ ಕಚೇರಿಯ ಕನ್ನಡದ ಪಾಠ ಬಂದಾಗ ಅದರ ಕೊನೆಯ ಕ್ರಿಯಾಪದದ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಸುಸ್ಥಿತಿ ಕಂಡುಬಂದಿರುತ್ತದೆ. ಕಂಡುಬಂದದ್ದೇನೋ ಸರಿ, ಅರ್ಜಿಯಲ್ಲಿ ಬರೆದಿದ್ದುದು ಕೇಳಿಬಂದ ಸಂಗತಿ.

ಅಜ್ಜಿ ಆಮೇಲೆ ಆರು ವರ್ಷ ಬದುಕಿದ್ದಳು. ನಾನೇ ಸರಿ ಎಂದು ಒಂದು ದಿನವೂ ಹೇಳಲಿಲ್ಲ. ಆ ಹಮಾಲಿ ಊರುಗೋಲು ಹಿಡಿದು ಬಂದು ಬಸ್ಸು ನಿಲ್ಲುವ ಕಡೆ ಬೀಡಿ ಅಂಗಡಿ ಇಟ್ಟುಕೊಂಡ. ಅಜ್ಜಿ ಎಲೆ ಅಡಿಕೆಗೆ ಅವನ ಅಂಗಡಿಗೇ ನಮ್ಮನ್ನು ಕಳಿಸುತ್ತಿದ್ದಳು. ಹತ್ತಿರದಲ್ಲಿ ಬೇರೆ ಅಂಗಡಿ ಇದ್ದರೂ.